ಏಪ್ರಿಲ್ ಸೆಕೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್

ಓವರ್‌ಕ್ಲಾಕ್ ಎಂದರೆ ಕಾರ್ಡನ್ನು ಕಂಪನಿ ಇಟ್ಟ ವೇಗಕ್ಕಿಂತ (ಕ್ಲಾಕ್) ಮೇಲೆ ಓಡಿಸುವುದು. ಅದಕ್ಕೆ ಯೂಟ್ಯೂಬಿನಲ್ಲಿ ಕಂಡ ನಂಬರನ್ನು ಹಾಗೇ ತಂದು ಇಲ್ಲಿ ಹಾಕಬೇಡಿ. ಆ ವೀಡಿಯೊ ಮಾಡಿದ ಕೋಣೆಯಲ್ಲಿ ಎಸಿ ಹಾಕಿ 21 ಡಿಗ್ರಿ ಇದ್ದಿರಬಹುದು. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಏಪ್ರಿಲ್ ಮಧ್ಯಾಹ್ನ ಮನೆಯೊಳಗೇ 33 ಆದರೆ, ಅದೇ ಫ್ಯಾನ್ ಸ್ಪೀಡಿನಲ್ಲಿ ಕಾರ್ಡೂ ಹೆಚ್ಚುಕಮ್ಮಿ 12 ಡಿಗ್ರಿ ಮೇಲೇರುತ್ತದೆ. ಅಲ್ಲಿ 70ಕ್ಕೆ ನಿಂತದ್ದು ಇಲ್ಲಿ 82. ಆಟಿಯ ಮಳೆಯಲ್ಲಿ ಪಾಸಾದ ಸೆಟ್ಟಿಂಗನ್ನು ಬೇಸಗೆಗೆ ನಂಬುವ ಹಾಗಿಲ್ಲ. ಟೆಸ್ಟ್ ಮಾಡುವುದಾದರೆ ಮಧ್ಯಾಹ್ನ ಎರಡು ಗಂಟೆಗೇ ಮಾಡಿ.

ಮೊದಲು ಧೂಳು. ಅಂಗಳದಲ್ಲಿ ಅಡಿಕೆ ಒಣಗಿಸಿ ಸುಲಿಯುವ ಮನೆಯಾದರೆ ಫ್ಯಾನಿನ ಹಿಂದೆ ಟಾರ್ಚ್ ಬಿಟ್ಟು ನೋಡಿ: ಹೀಟ್‌ಸಿಂಕಿನ, ಅಂದರೆ ಚಿಪ್ಪಿನ ಬಿಸಿ ಹೊರಹಾಕುವ ಲೋಹದ ತಗಡುಗಳ ಅಂಚಿಗೆ ಸಿಪ್ಪೆಯ ನಾರುಧೂಳು ಕಂದು ಕಂಬಳಿಯ ಹಾಗೆ ಹಾಸಿಕೊಂಡಿರುತ್ತದೆ. ಮಳೆಗಾಲದ ತೇವಕ್ಕೆ ಅದು ಅಂಟಿ ಕೂತರೆ ಬ್ರಷ್ ಇಲ್ಲದೆ ಬಿಡುವುದಿಲ್ಲ. ಪ್ಲಗ್ ತೆಗೆದು ಬ್ಲೋವರ್ ಹಿಡಿಯಿರಿ; ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಬೇಕು, ಗಾಳಿಯ ರಭಸಕ್ಕೆ ತಿರುಗಿದರೆ ಬೇರಿಂಗ್ ಹಾಳು.

ಉಷ್ಣತೆ ನೋಡಲು ಎಚ್‌ಡಬ್ಲ್ಯುಇನ್ಫೋ (HWiNFO) ಎಂಬ ಸಾಫ್ಟ್‌ವೇರ್ ಸಾಕು. ಕೋರ್ (ಕಾರ್ಡಿನ ಮುಖ್ಯ ಚಿಪ್) ಒಂದನ್ನೇ ನೋಡಬೇಡಿ, ಆ ಚಿಪ್ಪಿನ ಅತಿ ಬಿಸಿಯಾದ ಜಾಗ ತೋರಿಸುವ ಹಾಟ್‌ಸ್ಪಾಟ್ ಸಾಲನ್ನೂ ನೋಡಿ. ಇವೆರಡರ ನಡುವೆ 10–15 ಡಿಗ್ರಿ ಅಂತರ ಸಹಜ. 25 ದಾಟಿದರೆ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರಬಹುದು, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿರಲಿಕ್ಕಿಲ್ಲ. ಅದನ್ನು ಸರಿಮಾಡದೆ ಓವರ್‌ಕ್ಲಾಕಿಗೆ ಕೈ ಹಾಕಬೇಡಿ. ಜಿಡಿಡಿಆರ್6ಎಕ್ಸ್ ಎಂಬ ಬಗೆಯ ಮೆಮರಿ ಇರುವ ಕಾರ್ಡಿನಲ್ಲಿ ಮೆಮರಿ ಚಿಪ್ಪಿನ ಒಳಗಿನ ಬಿಸಿ ತೋರಿಸುವ ಮೆಮರಿ ಜಂಕ್ಷನ್ ಎಂಬ ಸಾಲೂ ಇರುತ್ತದೆ. ಅದು 110 ಮುಟ್ಟಿದರೆ ಕಾರ್ಡೇ ವೇಗ ಇಳಿಸುತ್ತದೆ, 95ರೊಳಗೆ ಇದ್ದರೆ ನೆಮ್ಮದಿ. ಎನ್ವಿಡಿಯಾ 30 ಸರಣಿಯ ಹೆಚ್ಚಿನ ಕಾರ್ಡುಗಳಲ್ಲಿ ಕೋರಿನ ಟೆಂಪರೇಚರ್ ಲಿಮಿಟ್ 83ಕ್ಕೆ ಇಟ್ಟಿರುತ್ತದೆ. ಅದಕ್ಕಿಂತ ಎಷ್ಟೋ ಕೆಳಗೇ ಬೂಸ್ಟ್, ಅಂದರೆ ಕಾರ್ಡ್ ತಾನಾಗಿ ಏರಿಸಿಕೊಳ್ಳುವ ವೇಗ, 15 ಮೆಗಾಹರ್ಟ್ಸ್‌ನಂತೆ ಮೆಲ್ಲಗೆ ಇಳಿಯತೊಡಗುತ್ತದೆ. ಹಾಗಾಗಿ ಇಲ್ಲಿ ತಂಪೇ ವೇಗ.

ವೇಗ ಏರಿಸುವ ಕೆಲಸ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ. ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಪೂರ್ತಿ ಬಲಕ್ಕೆ ಎಳೆದು, ಕೋರ್ 15 ಮೆಗಾಹರ್ಟ್ಸ್‌ನಂತೆ ಹೆಚ್ಚಿಸಿ, ಪ್ರತಿ ಸಲ ಸೂಪರ್‌ಪೊಸಿಶನ್ ಎಂಬ ಟೆಸ್ಟ್ ಸಾಫ್ಟ್‌ವೇರ್ ಹತ್ತು ನಿಮಿಷ ಓಡಿಸಿ. ಕ್ರ್ಯಾಶ್ ಆದಲ್ಲಿಂದ 30 ಹಿಂದೆ ಬನ್ನಿ. ಮೆಮರಿಯನ್ನು ಆಮೇಲೆ, ಬೇರೆಯಾಗಿ, 100ರಂತೆ ಏರಿಸಿ. ಮೆಮರಿ ಮೋಸ ಮಾಡುತ್ತದೆ: ಪರದೆಯಲ್ಲಿ ಚುಕ್ಕಿ, ಚೌಕ ಏನೂ ಕಾಣದೆ ಸ್ಕೋರ್ ಮಾತ್ರ ಇಳಿಯುತ್ತದೆ. ತಪ್ಪಾದ ಡೇಟಾವನ್ನು ಮತ್ತೆ ಮತ್ತೆ ಕಳಿಸುವುದರಲ್ಲಿ ಹೊತ್ತು ಹೋಗುತ್ತಿದೆ ಎಂದರ್ಥ. ನಂಬರ್ ಏರಿತು ಎಂದು ಖುಷಿಪಡದೆ ಸ್ಕೋರ್ ಬರೆದಿಡಿ. ಫರ್‌ಮಾರ್ಕ್ ಎಂಬ ಇನ್ನೊಂದು ಟೆಸ್ಟ್ ಬೇಡ, ಅದು ಕಾರ್ಡನ್ನು ಕಾಯಿಸುತ್ತದೆ ಅಷ್ಟೆ, ಆಟದಲ್ಲಿ ಬರುವ ಕ್ಲಾಕ್ ಅದರಲ್ಲಿ ಬರುವುದೇ ಇಲ್ಲ.

ನಮ್ಮ ಕರಾವಳಿಗೆ ಇದಕ್ಕಿಂತ ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸುವುದು, ಒಳ್ಳೆಯದು. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಅದೇ ಕ್ಲಾಕಿನಲ್ಲಿ 1 ವೋಲ್ಟ್ 0.9 ಆದರೆ ಚಿಪ್ಪಿನ ಬಿಸಿ ಸುಮಾರು ಐದರಲ್ಲೊಂದು ಪಾಲು ಕಡಿಮೆ. ಆಫ್ಟರ್‌ಬರ್ನರಿನಲ್ಲಿ ಕೋರ್ ಸ್ಲೈಡರನ್ನು ಮೈನಸ್ 200ಕ್ಕೆ ಇಳಿಸಿ, ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ ಕರ್ವ್ ತೆರೆಯಿರಿ; ಯಾವ ವೋಲ್ಟೇಜಿಗೆ ಎಷ್ಟು ಕ್ಲಾಕ್ ಎಂದು ತೋರಿಸುವ ಗೆರೆ ಅದು. 900 ಮಿಲಿವೋಲ್ಟಿನ ಚುಕ್ಕಿಯನ್ನು ಹಿಡಿದು ಮೇಲಕ್ಕೆಳೆಯಿರಿ; ಆರ್‌ಟಿಎಕ್ಸ್ 3060 ಕಾರ್ಡ್ ಆದರೆ 1800 ಮೆಗಾಹರ್ಟ್ಸ್‌ನಿಂದ ಶುರುಮಾಡಿ. ಸೆಟ್ಟಿಂಗ್ ಜಾರಿಮಾಡುವ ಟಿಕ್ ಬಟನ್ ಒತ್ತಿದರೆ ಬಲಬದಿಯ ಗೆರೆ ಚಪ್ಪಟೆಯಾಗಬೇಕು. ಆಗದಿದ್ದರೆ ಆ ಚುಕ್ಕಿ ಇನ್ನೂ ಬಲಬದಿಯವುಗಳಿಗಿಂತ ಕೆಳಗಿದೆ.

ಕ್ರ್ಯಾಶ್ ಯಾವುದರದ್ದು ಎಂದು ಗುರುತಿಸುವುದು ಹೀಗೆ. ಪರದೆ ಕಪ್ಪಾಗಿ ಎರಡು ಮೂರು ಸೆಕೆಂಡಿನಲ್ಲಿ ಡೆಸ್ಕ್‌ಟಾಪ್ ಬಂತೆಂದರೆ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ರೀಸೆಟ್ ಆಗಿದೆ, ಹೆಚ್ಚಾಗಿ ನಿಮ್ಮ ಸೆಟ್ಟಿಂಗಿನದ್ದೇ ತಪ್ಪು. ಇಡೀ ಪಿಸಿ ಟಪ್ಪೆಂದು ಆಫ್ ಆಗಿ ರೀಸ್ಟಾರ್ಟ್ ಆದರೆ ಪವರ್ ಸಪ್ಲೈ, ಕೇಬಲ್ ನೋಡಿ. ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಬದಲಾಗುವ ಕ್ಷಣದಲ್ಲೂ ಹೀಗಾಗುತ್ತದೆ, ಅದಕ್ಕೆ ಕ್ಲಾಕ್ ಇಳಿಸಿ ಪ್ರಯೋಜನವಿಲ್ಲ.

ವಿಂಡೋಸ್ ಶುರುವಾಗುವಾಗಲೇ ಸೆಟ್ಟಿಂಗ್ ಹಾಕುವ ಆಫ್ಟರ್‌ಬರ್ನರಿನ ಬಟನ್ ಒಂದು ವಾರದ ಆಟ ಮುಗಿಯುವವರೆಗೆ ಒತ್ತಬೇಡಿ. ಅಲ್ಲಿಯವರೆಗೆ ರೀಸ್ಟಾರ್ಟ್ ಮಾಡಿದರೆ ಕಾರ್ಡ್ ಹಳೆಯ ಸ್ಥಿತಿಗೇ ಬರುತ್ತದೆ.