ಮಗಳ ಇಸ್ಲಾಮಿಕ್ ಸ್ಕೂಲು, ನಮ್ಮನೆ ಅಭಿಪ್ರಾಯ

ಇಲ್ಲಿ ದಾವಣಗೆರೆ ಬಾಷಾ ನಗರದ ಕಡೆ ಯಾರನ್ನ ಕೇಳಿದ್ರೂ ಇಸ್ಲಾಮಿಕ್ ಸ್ಕೂಲ್ ಬಗ್ಗೆ ಒಂದೊಂದು ಮಾತು ಹೇಳ್ತಾರೆ. ನನ್ನ ಮಗಳು ಈಗ ಒಂಬತ್ತನೇ ಕ್ಲಾಸು, ಸ್ಟೇಟ್ ಸಿಲಬಸ್ಸೇ, ಅದ್ರ ಜೊತೆ ಕುರಾನ್, ದೀನಿಯಾತ್ ಅಂದ್ರೆ ಧರ್ಮದ ಪಾಠ, ಮಧ್ಯಾಹ್ನ ಜೊಹರ್ ನಮಾಜಿಗೆ ಬ್ರೇಕು. ಸಂಜೆ ಬೇರೆ ಮದರಸಾಕ್ಕೆ ಕಳ್ಸೋ ಓಡಾಟ ತಪ್ತಲ್ಲ ಅಂತ ನಮ್ಮತ್ತೆಗೆ ಭಾರೀ ಖುಷಿ. ನನಗೆ ತಜ್ವೀದ್ (ಕುರಾನನ್ನ ಸರಿಯಾದ ಉಚ್ಚಾರಣೇಲಿ ಓದೋದು) ಕಲಿಸೋ ಟೀಚರ್ ಆಪಾ ಅಂದ್ರೆ ತುಂಬಾ ಇಷ್ಟ, ಯಾವ ಅಕ್ಷರ ಗಂಟಲಿಂದ ಬರ್ಬೇಕು ಯಾವ್ದು ನಾಲಿಗೆ ತುದಿಯಿಂದ ಅಂತ ಮಕ್ಕಳ ಎದುರು ಕೂತು ತಾವೇ ಹೇಳಿ ತೋರಿಸ್ತಾರೆ, ಎಷ್ಟು ಸಲ ತಪ್ಪಿದ್ರೂ ಬೈಯಲ್ಲ.

ಮಗಳದ್ದು ಬೇರೇನೇ ವರಾತ. "ಅಮ್ಮಿ, ಕನ್ನಡ ಟೀಚರ್ ಒಬ್ರೂ ನಿಲ್ಲಲ್ಲ, ಗ್ರೌಂಡು ಬರೀ ಹುಡುಗರಿಗೆ" ಅಂತಾಳೆ, ನಿಜಾನೇ ಅದು. ಮನೇಲಿ ನಾವು ಮಾತಾಡೋದು ದಖನಿ ಉರ್ದು, ಕನ್ನಡ ಗಟ್ಟಿ ಆಗ್ಬೇಕಾಗಿರೋದು ಸ್ಕೂಲಲ್ಲೇ, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಕಲಿಸ್ಲೇಬೇಕು ಕೂಡ. ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗ ನಮ್ಮ ಹುಡುಗೀರು ಯಾಕೆ ಹಿಂದೆ ಬೀಳ್ಬೇಕು?

ಇನ್ನು ಫೀಸು. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಲ್ಪಸಂಖ್ಯಾತರ ಸ್ಕೂಲಿಗೆ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಬರಲ್ಲ, ಹಾಗಾಗಿ ಬಡ ಮಕ್ಕಳಿಗೆ ಅದರಲ್ಲಿ ಸಿಗೋ ಶೇ 25 ಫ್ರೀ ಸೀಟೂ ಇಲ್ಲ. ಮಂಡಕ್ಕಿ ಭಟ್ಟೀಲಿ ಬೆಂಕಿ ಮುಂದೆ ನಿಂತು ದುಡಿಯೋ ಅಪ್ಪ ಏನು ಮಾಡ್ಬೇಕು ಹೇಳಿ? ಅಂಥ ಮಕ್ಕಳ ಫೀಸು ಜಕಾತ್ (ಉಳ್ಳವರು ಬಡವರಿಗೆ ಕೊಡ್ಲೇಬೇಕಾದ ದಾನ) ದುಡ್ಡಲ್ಲಿ ಕಟ್ಟೋ ವ್ಯವಸ್ಥೆ ಮಾಡಿ ಅಂತ ಕೆಲವು ಪೇರೆಂಟ್ಸ್ ಸೇರಿ ಸ್ಕೂಲಿಗೆ ಲೆಟರ್ ಕೊಟ್ಟಿದ್ದೀವಿ, ಕನ್ನಡ ಟೀಚರ್ ವಿಷಯ, ಹುಡುಗೀರ ಆಟದ ಪೀರಿಯಡ್ಡೂ ಅದರಲ್ಲೇ ಬರ್ದಿದ್ದೀವಿ.