ಎಲ್ಲಕ್ಕಿಂತ ಹಳೆಯದು ಯಾವುದು ಎಂದು ಕೇಳುವವರಿಗೆ

ಬಾಗಿಲಿನ ಎಡಕ್ಕೆ ನಿಲ್ಲಿಸಿರುವ ವೀರಗಲ್ಲು. ಉತ್ತರ ಮುಗಿಯಿತು.

ಶಿರಸಿಯ ಒಂದು ಸಣ್ಣ ಕಲಾ ಸಂಗ್ರಹಾಲಯದಲ್ಲಿ ವಸ್ತುಗಳ ದಾಖಲೆ ಪುಸ್ತಕ ಬರೆಯುವುದು ನನ್ನ ಕೆಲಸ. ಒಳಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವುದು ಇದೊಂದನ್ನೇ: "ಇಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು?" ಹೇಳಿ ಹೇಳಿ ಬಾಯಿ ಒಣಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಮೊಬೈಲಿಗೆ ಕಳಿಸುತ್ತೇನೆ, ಅವರು ನನ್ನ ಎದುರಿಗೇ ನಿಂತಿದ್ದರೂ.

ಪ್ರಶ್ನೆಗಿಂತ ಹೆಚ್ಚಾಗಿ ಅದನ್ನು ಕೇಳುವ ಧಾಟಿ ನನ್ನನ್ನು ಕೆರಳಿಸುತ್ತದೆ. ಹಳೆಯದೊಂದನ್ನು ನೋಡಿ ಫೋಟೊ ತೆಗೆದುಕೊಂಡರೆ ಉಳಿದದ್ದನ್ನು ನೋಡದಿದ್ದರೂ ನಡೆಯುತ್ತದೆ ಎಂಬ ಲೆಕ್ಕ ಅದರೊಳಗಿದೆ. ಬರೀ ಹಳೆಯದೇ ಬೇಕಿದ್ದರೆ ಬನವಾಸಿಯ ಬಸ್ ಹತ್ತಿ. ಕದಂಬರು 4ನೆಯ ಶತಮಾನದಲ್ಲಿ ರಾಜಧಾನಿ ಮಾಡಿಕೊಂಡ ಊರು ಅದು, ವಯಸ್ಸಿನಲ್ಲಿ ಅದರೊಡನೆ ಪೈಪೋಟಿಗೆ ಇಳಿಯುವ ಹುಚ್ಚು ನಮಗಿಲ್ಲ. ವಯಸ್ಸು ಮುಖ್ಯವಲ್ಲವೇ ಎಂದು ವಾದಕ್ಕೆ ನಿಲ್ಲುವವರೂ ಇದ್ದಾರೆ. ಕಾನೂನಿಗೆ ಮುಖ್ಯ, ಒಪ್ಪಿದೆ. 1972ರ ಕಾಯ್ದೆಯ ಪ್ರಕಾರ ಕೆತ್ತನೆಗೋ ಚಿತ್ರಕ್ಕೋ 100 ವರ್ಷ ತುಂಬಿದರೆ ಅದು ಪುರಾತನ ವಸ್ತು, ಹಸ್ತಪ್ರತಿಗಾದರೆ 75 ಸಾಕು. ನೀವು ಕಾಯ್ದೆ ಓದಿಕೊಂಡು ಬಂದಿರಲಿಲ್ಲವಲ್ಲ.

ಮಾರಿಕಾಂಬೆಯ ಜಾತ್ರೆ ನಡೆಯುವಾಗ ನಮ್ಮಲ್ಲಿಗೂ ಜನ ಬರುತ್ತಾರೆ. ಕಲಾಭಿಮಾನ ಅಲ್ಲ, ಫ್ಯಾನು ಇದೆ, ನೆರಳಿದೆ. ಅಂಥದ್ದೇ ಒಂದು ಮಧ್ಯಾಹ್ನ ಹೆಂಡತಿ ಮಕ್ಕಳೊಂದಿಗೆ ಬಂದವನೊಬ್ಬ, "ಅಕ್ಕಾ, ಎಲ್ಲಕ್ಕಿಂತ ಹಳೆಯದನ್ನು ಮಾತ್ರ ತೋರಿಸಿಬಿಡಿ, ಮಕ್ಕಳನ್ನು ತೊಟ್ಟಿಲಿಗೆ ಕೂರಿಸಬೇಕು" ಎಂದ. ತೋರಿಸಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಮುಂದೆ ಕುಳಿತಿರುವುದು. ಬಂದವನ ಮುಖ ಸಪ್ಪೆಯಾಯಿತು.

"ಇಷ್ಟೇನಾ? ಇಂಥದ್ದು ನಮ್ಮೂರ ಹಳ್ಳದಲ್ಲಿಯೂ ಇದೆ. ಅದರ ಮೇಲೆ ಬಟ್ಟೆ ಒಗೆಯುತ್ತೇವೆ."

"ಬೆನ್ನಿನ ಕಡೆ ಒಗೆಯುವುದು," ಹೆಂಡತಿ ತಿದ್ದಿದಳು. "ದೇವರಿರುವ ಕಡೆ ಅಲ್ಲ. ಅದು ಕೆಳಗಿದೆ."

ಮಗುಚಿ ಹಾಕಿದವರು ಯಾರು? ಗೊತ್ತಿಲ್ಲ, ಅವಳ ಅತ್ತೆ ಮದುವೆಯಾಗಿ ಬಂದಾಗಲೂ ಹಾಗೇ ಇತ್ತಂತೆ. ಕೆತ್ತನೆ ಸವೆಯದಿರಲಿ ಎಂದೋ, ಸತ್ತವನ ಎದೆಯ ಮೇಲೆ ಸೀರೆ ಬಡಿಯಲು ಮನಸ್ಸು ಬಾರದೆಯೋ? ಅತ್ತೆ ಏನನ್ನೂ ಹೇಳಿರಲಿಲ್ಲ. ನಾನು ಕೇಳುತ್ತಲೇ ಹೋದೆ. ಮಕ್ಕಳು ತೊಟ್ಟಿಲು ತೊಟ್ಟಿಲು ಎಂದು ಅಳತೊಡಗಿದರು. ಗಂಡ ಗಡಿಯಾರ ನೋಡಿದ. ಆ ಕಲ್ಲನ್ನು ಇಲ್ಲಿಗೆ ತಂದುಬಿಡಬಹುದಲ್ಲ ಎಂದು ನಾನು ಬಾಯಿ ಬಿಟ್ಟಾಗ ಅವಳು ಕೇಳಿದ್ದು ಒಂದೇ ಮಾತು: "ಬದಲಿಗೆ ಯಾವ ಕಲ್ಲು ಕೊಡುತ್ತೀರಿ?"

ನಮ್ಮ ಬಾಗಿಲಿನ ಕಲ್ಲಿಗೂ ಒಂದು ಹಳ್ಳವೋ ಗದ್ದೆಯ ಬದುವೋ ಇದ್ದಿರಬೇಕು. ಫಲಕದಲ್ಲಿ ಇರುವುದು ತಾಲೂಕಿನ ಹೆಸರು ಮಾತ್ರ. ಹಾಗಾದರೆ ಫಲಕವನ್ನು ನೀವೇ ಸರಿಯಾಗಿ ಬರೆಯಬಹುದಿತ್ತಲ್ಲ ಎನ್ನಬೇಡಿ. ಫಲಕ ಇರುವುದು ಅಂಗೈ ಅಗಲ, ಅದೂ ಎರಡು ಭಾಷೆಗಳಲ್ಲಿ.

ಇಲ್ಲಿಗೆ ಬರುವ ಮೊದಲು ಇದು ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ನಾನು ಊಟ ಬಿಟ್ಟು ಉತ್ತರಿಸುತ್ತೇನೆ. ಗಾಜಿನೊಳಗೆ ಕೆಂಪು ಬಿಳಿ ಬಣ್ಣದ ಗಾರೆಯ ಚೂರುಗಳಿವೆ. ಬಂದವರು ಗೋಡೆ ಬಿದ್ದಿದೆ ಎಂದುಕೊಂಡು ಮುಂದೆ ಹೋಗುತ್ತಾರೆ. ಅದು ಕಾವಿ ಕಲೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ತೆಳುವಾದ ಪದರ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳುಪನ್ನು ಹೊರಗೆ ತರುತ್ತಾರೆ. ಕರಾವಳಿಯ ಎಷ್ಟೋ ಗುಡಿಗಳಲ್ಲಿ ಇತ್ತು. ಜೀರ್ಣೋದ್ಧಾರ ಎಂಬ ಹೆಸರಿನಲ್ಲಿ ಗ್ರಾನೈಟು ಬಂತು, ಎಣ್ಣೆ ಬಣ್ಣ ಬಂತು. ನಮ್ಮ ಚೂರುಗಳು ಅಂಥ ಒಂದು ಉದ್ಧಾರದಿಂದ ಉಳಿದವು. ಶಿರಸಿಯವರು ಇದಕ್ಕಾಗಿ ನಮ್ಮಲ್ಲಿಗೆ ಬರಬೇಕಾಗಿಯೂ ಇಲ್ಲ, ಮಾರಿಕಾಂಬಾ ದೇವಸ್ಥಾನದ ಗೋಡೆಗಳನ್ನು ಕತ್ತೆತ್ತಿ ನೋಡಿದರೆ ಸಾಕು.

ಕೆತ್ತನೆಯ ಕುಲಕಸುಬಿನ ಗುಡಿಗಾರರ ಶ್ರೀಗಂಧದ ಪೆಟ್ಟಿಗೆ ಎಲ್ಲರಿಗೂ ಇಷ್ಟ, ಪಕ್ಕದ ಬೆಂಡಿನ ಬಾಸಿಂಗ ಯಾರಿಗೂ ಬೇಡ. ಎರಡೂ ಅದೇ ಮನೆತನಗಳ ಕೆಲಸ. ಪೆಟ್ಟಿಗೆ ದೊರೆಗಳ ಮೇಜಿಗೆ ಹೋಯಿತು, ಬಾಸಿಂಗ ಮದುಮಕ್ಕಳ ಹಣೆಗೆ. ಮದುವೆ ಮುಗಿದ ಮೇಲೆ ಅದನ್ನು ಜೋಪಾನ ಮಾಡುವವರು ಕಡಿಮೆ. ಯಕ್ಷಗಾನದ ಕೇದಗೆ ಮುಂದಲೆಯದೂ ಅದೇ ಪಾಡು, ವೇಷಧಾರಿಯ ತಲೆಯ ಮೇಲೆಯೇ ಸುತ್ತಿ ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚುವಂಥದ್ದು. ನಮ್ಮಲ್ಲಿರುವುದನ್ನು ಮರದ ತಲೆಗೆ ಕಟ್ಟಿದ್ದಾರೆ. ಬೆವರಿಲ್ಲ, ಚೆಂಡೆಯಿಲ್ಲ, ಬಿಚ್ಚುವವರೂ ಇಲ್ಲ.

ಇನ್ನು ಕೌದಿ. ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿದದ್ದು, ಅವರು ಕವಂದಿ ಎನ್ನುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರ ಪೂರ್ವಿಕರಲ್ಲಿದ್ದಾರೆ. ಸರಕಾರ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಕೌದಿಯನ್ನು ಅಂಚಿನಿಂದ ಹೊಲಿಯುತ್ತ, ಸುತ್ತುತ್ತ ನಡುವಿಗೆ ಬರುತ್ತಾರೆ. ಹಳೆಯ ಸೀರೆ, ಹರಿದ ಅಂಗಿ, ಮಗಳ ಲಂಗ, ಕೈಗೆ ಸಿಕ್ಕಿದ್ದೆಲ್ಲ ಸಾಲುಹೊಲಿಗೆಯೊಳಗೆ ಸೇರುತ್ತದೆ. ಮೂಲೆಗಳಲ್ಲಿ ಬಟ್ಟೆ ಮಡಿಸಿದ ತ್ರಿಕೋನಗಳು, ಅದಕ್ಕೆ ಹೂವು ಎಂಬ ಅರ್ಥದ ಹೆಸರು. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ.

ಇದು ನಮ್ಮ ಸಂಗ್ರಹದಲ್ಲಿಯೇ ತೀರ ಹೊಸದು, ಆದ್ದರಿಂದ ಮೂಲೆಯಲ್ಲಿದೆ. ದಾಖಲೆ ಪುಸ್ತಕದಲ್ಲಿ 'ಕಾಲ' ಎಂಬ ಕಲಮು ಇದೆ. ಏನು ಬರೆಯಲಿ? ಹೊಲಿದದ್ದು ಈಚೆಗೆ. ಒಳಗಿನ ಸೀರೆ ಹೊಲಿದವಳ ತಾಯಿಯದು. ನಡುವಿನ ನೀಲಿ ತುಂಡು ಶಾಲೆಯ ಸಮವಸ್ತ್ರ, ಅದನ್ನು ತೊಟ್ಟಿದ್ದ ಹುಡುಗ ಈಗ ಲಾರಿ ಓಡಿಸುತ್ತಾನೆ. ಸಣ್ಣ ಅಕ್ಷರಗಳಲ್ಲಿ ಎಲ್ಲವನ್ನೂ ಬರೆದೆ, ಜಾಗ ಸಾಲದೆ ಪಕ್ಕದ ಕಲಮಿಗೂ ಹರಿಯಿತು. ತಪಾಸಣೆಗೆ ಬಂದವರು ಅದರ ಕೆಳಗೆ ಕೆಂಪು ಗೆರೆ ಎಳೆದು, "ಒಂದೇ ವರ್ಷ ನಮೂದಿಸಿ" ಎಂದು ಷರಾ ಬರೆದು ಹೋಗಿದ್ದಾರೆ. ನಾನಿನ್ನೂ ನಮೂದಿಸಿಲ್ಲ.