ಮೂರು ಗಂಟೆಯ ನಂತರ ವಾಯಿದೆ ಇಲ್ಲ

ಕಾಸರಗೋಡಿನ ವಿದ್ಯಾನಗರದಲ್ಲಿ ಕೋರ್ಟೂ ಕಲೆಕ್ಟರೇಟೂ ಹತ್ತಿರ ಹತ್ತಿರ. ಊರಿನ ವಕೀಲರೊಬ್ಬರು ಲೋಕಸಭೆಗೆ ನಿಲ್ಲುವುದೆಂದರೆ ಅಲ್ಲಿಂದ ಇಲ್ಲಿಗೆ ನಾಲ್ಕು ಹೆಜ್ಜೆ. ಆದರೆ ಕೋರ್ಟಿನ ಅಭ್ಯಾಸವನ್ನು ಅಲ್ಲೇ ಬಿಟ್ಟು ಬರಬೇಕು. ಅಲ್ಲಿ ಕಾಗದ ಸರಿಯಾಗಿಲ್ಲದಿದ್ದರೆ ವಾಯಿದೆ, ಎಂದರೆ ಮುಂದಿನ ತಾರೀಖು, ಕೇಳಬಹುದು, ತಿದ್ದುಪಡಿಗೆ ಅರ್ಜಿ ಹಾಕಬಹುದು. ಇಲ್ಲಿ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರಾದರೆ ಮುಗಿಯಿತು. ಆ ಹೊತ್ತಿಗೆ ಕೋಣೆಯೊಳಗೆ ಇದ್ದವರ ನಾಮಪತ್ರ ಮಾತ್ರ ತೆಗೆದುಕೊಳ್ಳುತ್ತಾರೆ.

2024ರಲ್ಲಿ ಆ ದಿನ ಏಪ್ರಿಲ್ 4, ಗುರುವಾರ. ಮಾರ್ಚ್ 28ಕ್ಕೇ ಶುರುವಾಗಿದ್ದರೂ ನಡುವೆ ಗುಡ್ ಫ್ರೈಡೇ, ಈಸ್ಟರ್ ಭಾನುವಾರ ಬಂದವು. ರಜೆಯಲ್ಲಿ ನಾಮಪತ್ರ ಸ್ವೀಕರಿಸುವುದಿಲ್ಲ. ಹೊತ್ತು ಹನ್ನೊಂದರಿಂದ ಮೂರರವರೆಗೆ. ಅಭ್ಯರ್ಥಿಯ ಜತೆ ಒಳಗೆ ನಾಲ್ಕೇ ಜನ. ಠೇವಣಿ 25,000 ರೂಪಾಯಿ, ಪರಿಶಿಷ್ಟರಿಗೆ 12,500. ಚುನಾವಣೆ ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ, ಅದೂ ಕನಿಷ್ಠ ಒಂದು ದಿನ ಮೊದಲು ತೆರೆದಿರಬೇಕು. ಇಷ್ಟು ಯಾರಿಗಾದರೂ ಗೊತ್ತಿರುತ್ತದೆ.

ಎಡವುವುದು ಸೂಚಕರಲ್ಲಿ, ಎಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರಲ್ಲಿ. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಮಂದಿ ಬೇಕು, ಎಲ್ಲರೂ ಇದೇ ಲೋಕಸಭಾ ಕ್ಷೇತ್ರದ ಮತದಾರರಾಗಿರಬೇಕು. ಕಾಸರಗೋಡು ಕ್ಷೇತ್ರ ಮಂಜೇಶ್ವರದಿಂದ ಪಯ್ಯನ್ನೂರು, ಕಲ್ಯಾಶ್ಶೇರಿಯವರೆಗೆ ಏಳು ವಿಧಾನಸಭಾ ಕ್ಷೇತ್ರಗಳದ್ದು; ಕೊನೆಯ ಎರಡು ಕಣ್ಣೂರು ಜಿಲ್ಲೆಯವು. ಮದುವೆಯಾಗಿ ಬಂಟ್ವಾಳಕ್ಕೋ ಪುತ್ತೂರಿಗೋ ಹೋದ ಮಗಳ ಹೆಸರು ಅಲ್ಲಿನ ಪಟ್ಟಿಗೆ ಸೇರಿರುತ್ತದೆ. ಇಲ್ಲಿಯ ಹಳೇ ಪ್ರತಿಯಲ್ಲಿ ಅವಳ ಹೆಸರು ನೋಡಿ ಸಹಿ ಹಾಕಿಸಿಕೊಂಡರೆ ಹತ್ತು ಒಂಬತ್ತಾಗುತ್ತದೆ. ಹೆಬ್ಬೆಟ್ಟಿನ ವಿಚಾರ ಇನ್ನೂ ನಾಜೂಕು. ಬರೆಯಲು ಬಾರದ ಅಜ್ಜಿ ಮನೆಯ ಜಗಲಿಯಲ್ಲಿ ಕೂತು ಒತ್ತಿದ ಹೆಬ್ಬೆಟ್ಟು ನಡೆಯುವುದಿಲ್ಲ, ಚುನಾವಣಾಧಿಕಾರಿಯ ಅಥವಾ ಆಯೋಗ ಸೂಚಿಸಿದ ಅಧಿಕಾರಿಯ ಎದುರೇ ಒತ್ತಬೇಕು. ಅದಕ್ಕೇ ನಾಮಪತ್ರದ ನಾಲ್ಕು ಪ್ರತಿ ಕೊಡಲು ಅವಕಾಶ ಇರುವುದು. ಅದೇ ಹತ್ತು ಜನರ ಸಹಿಯನ್ನು ನಾಲ್ಕಕ್ಕೂ ಹಾಕಿಸಿದರೆ ಪ್ರಯೋಜನವಿಲ್ಲ, ಒಂದು ಬಿದ್ದರೆ ನಾಲ್ಕೂ ಬೀಳುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಹತ್ತು ಜನ ಇರಲಿ.

ವಕೀಲರು ಹೆಚ್ಚು ನೆಚ್ಚುವುದು ನಾಮಪತ್ರದ ಜತೆ ಕೇಸು, ಆಸ್ತಿಗಳ ವಿವರ ಕೊಡುವ 26ನೇ ನಮೂನೆಯ ಅಫಿಡವಿಟ್ಟನ್ನು, ಪೆಟ್ಟು ತಿನ್ನುವುದೂ ಅಲ್ಲೇ. ಕಕ್ಷಿದಾರರಿಗೆ ನೂರಾರು ಬರೆದುಕೊಟ್ಟ ಕೈ ತನ್ನದನ್ನು ಬರೆಯುವಾಗ ಅವಸರಪಡುತ್ತದೆ. ಒಂದು ಕಲಮನ್ನೂ ಖಾಲಿ ಬಿಡುವಂತಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಅದು. ಗೆರೆ ಎಳೆದರೆ ಸಾಲದು, 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಬರೆಯಬೇಕು. ಪುಟಪುಟಕ್ಕೂ ಸಹಿ, ನೋಟರಿಯ ಸೀಲು. ತಾವೇ ನೋಟರಿಯಾಗಿದ್ದರೆ ತಮ್ಮದಕ್ಕೆ ತಾವೇ ಸೀಲು ಒತ್ತುವಂತಿಲ್ಲ, ಪಕ್ಕದ ಚೇಂಬರಿಗೆ ಹೋಗಬೇಕು. ಖಾಲಿ ಬಿಟ್ಟದ್ದು ಅಧಿಕಾರಿಯ ಕಣ್ಣಿಗೆ ಬಿದ್ದರೆ ಚೀಟಿ ಕೊಡುತ್ತಾರೆ. ನಾಮಪತ್ರಗಳ ಪರಿಶೀಲನೆ ಶುರುವಾಗುವ ಮೊದಲು ಹೊಸದು ತಂದುಕೊಡಬಹುದು. ಕೋರ್ಟಿನ ವಾಯಿದೆಗೆ ಹತ್ತಿರದ್ದು ಏನಾದರೂ ಇದ್ದರೆ ಅಷ್ಟೇ.

ಕೇಸುಗಳ ಕಲಮಿನಲ್ಲಿ ನಮ್ಮ ಕಡೆಯವರು ಮರೆಯುವುದು ರಸ್ತೆ ತಡೆ. ಯಾವುದೋ ಚಳವಳಿಯಲ್ಲಿ ಹೆದ್ದಾರಿಯಲ್ಲಿ ಕೂತದ್ದು, ಠಾಣೆಗೆ ಹೋಗಿ ಚಹಾ ಕುಡಿದು ಬಂದದ್ದು ಅಷ್ಟೇ ನೆನಪು. ಹಳೇ ಕಡತದಲ್ಲಿ ಐಪಿಸಿ 143, 147, 283 (ಅಕ್ರಮ ಕೂಟ, ದೊಂಬಿ, ದಾರಿಗೆ ಅಡ್ಡಿ) ಹಾಗೇ ಮಲಗಿರುತ್ತವೆ. ಎಫ್‌ಐಆರ್ ನಂಬ್ರ, ಠಾಣೆ, ಕೋರ್ಟು ಎಲ್ಲ ಬರೆಯಬೇಕು. ಮತ್ತೆ ಆ ಕೇಸುಗಳ ಬಗ್ಗೆ ಮತದಾನದ ಮೊದಲು ಮೂರು ಸಲ ಪತ್ರಿಕೆಯಲ್ಲೂ ಟಿವಿಯಲ್ಲೂ ಜಾಹೀರಾತು, ಸ್ವಂತ ಖರ್ಚಿನಲ್ಲಿ.

ಆಸ್ತಿಯದು ಬೇರೆಯೇ ಕತೆ. ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕಿಂತ ಹಿಂದಿನ ದಸ್ತಾವೇಜು ದಕ್ಷಿಣ ಕನ್ನಡ ಜಿಲ್ಲೆಯ ಕಾಲದ್ದು, ಕನ್ನಡದ ಮೋಡಿ ಕೈಬರಹ, ವರ್ಗ (ಕಂದಾಯ ಕಟ್ಟುವ ಸ್ವಂತ ಹಿಡುವಳಿ), ಮೂಲಗೇಣಿ (ಶಾಶ್ವತ ಗೇಣಿ) ಎಂದೆಲ್ಲ ಇರುತ್ತದೆ. ಅಡಿಕೆ ತೋಟದ ಮೇಲಿನ ಕುಮ್ಕಿಯನ್ನೂ ಸ್ವಂತದ್ದೆಂದು ಸೇರಿಸಿ ಎಕರೆ ಹೇಳುವುದು ಮನೆಯವರ ರೂಢಿ. ಕುಮ್ಕಿ ಸರಕಾರದ ಜಾಗ. ವರ್ಗದ ಗದ್ದೆಯಿಂದ 100 ಗಜದೊಳಗೆ ಸೊಪ್ಪು, ಸೌದೆ ತೆಗೆಯುವ ಸವಲತ್ತು ಮಾತ್ರ ನಮ್ಮದು. ಅದನ್ನು ಅಫಿಡವಿಟ್ಟಿನಲ್ಲಿ ಆಸ್ತಿಯೆಂದು ಬರೆದರೆ ಸುಳ್ಳು ಹೇಳಿಕೆಯಾಗುತ್ತದೆ. ಅವಿಭಕ್ತ ಕುಟುಂಬಕ್ಕೂ ಪ್ರತ್ಯೇಕ ಕಲಮು ಇದೆ, ತರವಾಡಿನ, ಎಂದರೆ ಕೂಡುಕುಟುಂಬದ ಮೂಲಮನೆಯ, ಪಾಲು ಇನ್ನೂ ಆಗಿಲ್ಲದವರು ಅಲ್ಲಿ ನಿಧಾನಿಸಲಿ.

ನಾಮಪತ್ರ ಕೊಟ್ಟ ಕೂಡಲೇ ಸಂವಿಧಾನಕ್ಕೆ ನಿಷ್ಠೆಯ ಪ್ರತಿಜ್ಞೆ ತೆಗೆದುಕೊಂಡುಬಿಡಬೇಕು. ಪರಿಶೀಲನೆಯ ದಿನಕ್ಕೆ ಇಟ್ಟುಕೊಂಡರೆ ತಡವಾಯಿತು. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಎ ಮತ್ತು ಬಿ ಫಾರಂ ಕೂಡ ಕೊನೆಯ ದಿನ ಮೂರರೊಳಗೇ. ಮೇಲಿನವರು ಕಳುಹಿಸಿದ ಕಾರು ತಡವಾಯಿತು ಎಂದರೆ ಯಾರೂ ಕೇಳುವುದಿಲ್ಲ. ಸರಕಾರಿ ಪ್ಲೀಡರ್ ಆಗಿದ್ದವರು ರಾಜೀನಾಮೆ ಮೊದಲೇ ಅಂಗೀಕಾರವಾಗುವಂತೆ ನೋಡಿಕೊಳ್ಳುವುದು ಕ್ಷೇಮ, ಅರ್ಹತೆ ಅಳೆಯುವುದು ಪರಿಶೀಲನೆಯ ದಿನಕ್ಕೆ. ಗೆದ್ದರೆ ಕೋಟು ಬಿಚ್ಚಬೇಕೇ ಎಂದು ಬಾರ್ ರೂಮಿನಲ್ಲಿ ಕೇಳುತ್ತಾರೆ. ಬೇಕಾಗಿಲ್ಲ, ಸಂಸದರು ವಕೀಲಿಕೆ ಮುಂದುವರಿಸಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದೆಹಲಿಯಲ್ಲಿ ಅಧಿವೇಶನ ನಡೆಯುತ್ತಿರುವಾಗ ಇಲ್ಲಿ ವಿಚಾರಣೆಗೆ ನಿಲ್ಲುವವರು ಯಾರು ಅನ್ನುವುದು ಗುಮಾಸ್ತನ ತಲೆನೋವು.

ಚಂದ್ರಗಿರಿ ಹೊಳೆಯ ಈಚೆಯ ಕನ್ನಡದ ಕಡೆಯವರು ಈ ದಾರಿಯಲ್ಲಿ ಹೋಗಿಲ್ಲವೆಂದೇನಿಲ್ಲ. 1980ರಲ್ಲಿ ರಾಮಣ್ಣ ರೈ, 1984ರಲ್ಲಿ ರಾಮ ರೈ ಇಲ್ಲಿಂದಲೇ ಗೆದ್ದರು. ಆದರೂ ಹೊಳೆ ದಾಟಿದ ಮೇಲೆ ಭಾಷಣ ಮಲಯಾಳದಲ್ಲೇ ಆಗಬೇಕು. ಮತಪತ್ರದಲ್ಲಿ ಹೆಸರು ಹೇಗೆ ಅಚ್ಚಾಗಬೇಕೆಂಬುದನ್ನು ಮಲಯಾಳದಲ್ಲಿ ತಾವೇ ಒಮ್ಮೆ ಓದಿ ನೋಡುವುದು ಒಳ್ಳೆಯದು. ಹೆಸರಿನ ಮುಂದೆ 'ಅಡ್ವ.' ಹಾಕಿಸಿಕೊಳ್ಳಬಹುದು, ಆದರೆ ಅಕ್ಷರಾನುಕ್ರಮ ಮಾಡುವಾಗ ಆ 'ಅ' ಲೆಕ್ಕಕ್ಕಿಲ್ಲ. ಪಟ್ಟಿಯಲ್ಲಿ ಮೇಲೆ ಬರಲು ಅದು ನೆರವಾಗುವುದಿಲ್ಲ.